ಟಿಗ್ ಬೆಸುಗೆಯಂತ್ರದ ಹತೋಟಿ ತಪ್ಪಿದಾಗ

ಯಂತ್ರವೊಂದು ಮನೆಯೊಳಕ್ಕೆ ಬಂದು ಸಂಸಾರದ ಅನ್ನಕ್ಕೆ ಆಧಾರವಾದ ಮೇಲೆ, ಅದರ ಗುಣದೋಷಗಳನ್ನು ಅರಿತುಕೊಳ್ಳುವುದೂ ಮನೆವಾರ್ತೆಯ ಒಂದು ಭಾಗವೇ ಆಗುವುದು. ಈ ಮಾತಿಗೆ ಮೊಳಕಾಲ್ಮೂರಿನ ನೇಕಾರರ ಮನೆಗಳಿಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಅಲ್ಲಿ ರೇಷ್ಮೆಯ ಸೀರೆಯನ್ನು ನೇಯುವ ಮಗ್ಗವು ವಾಸದ ಮನೆಯಲ್ಲಿಯೇ ಇರುವುದುಂಟು. ಮಗ್ಗದ ಮೇಲ್ಗಡೆ ಕೂರಿಸಿದ ಜಕಾರ್ಡ್ ಯಂತ್ರದಲ್ಲಿ ತೂತು ಹೊಡೆದ ರಟ್ಟುಗಳ ಸರವೊಂದು ಸುತ್ತುತ್ತಿದ್ದು, ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗುಳಿಯಬೇಕು ಎಂಬುದನ್ನು ಆ ತೂತುಗಳೇ ನಿರ್ಣಯಿಸುವುವು. ಕೊಕ್ಕೆಯೊಂದು ಬಾಗಿದರೆ ಅಥವಾ ದಾರವೊಂದು ಹರಿದರೆ, ನೆಯ್ಗೆಯ ಹೂವಿನಲ್ಲಿ ಒಂದೇ ಎಡೆಯಲ್ಲಿ ಮತ್ತೆ ಮತ್ತೆ ಅದೇ ತಪ್ಪು ಕಾಣಿಸಿಕೊಳ್ಳುವುದು. ಅನುಭವಸ್ಥನಾದ ನೇಕಾರನು ಯಂತ್ರವನ್ನು ಬಿಚ್ಚುವ ಮೊದಲು ಬಟ್ಟೆಯನ್ನು ನೋಡುವನು. ತಪ್ಪು ಬಿದ್ದ ಎಳೆಯನ್ನು ಹಿಡಿದು ಮೇಲಕ್ಕೆ ಹೋದರೆ ಕೆಟ್ಟ ಕೊಕ್ಕೆಯು ತಾನಾಗಿಯೇ ಕೈಗೆ ಸಿಗುವುದು.

ಈ ನೇಕಾರನ ಪದ್ಧತಿಯನ್ನೇ ಇನ್ನೊಂದು ಕಸುಬಿಗೆ ಅನ್ವಯಿಸಿ ತೋರಿಸಬೇಕೆಂಬುದು ನಮ್ಮ ಉದ್ದೇಶ. ಮೊಳಕಾಲ್ಮೂರಿನ ನೆರೆಯ ಚಳ್ಳಕೆರೆಯು ಶೇಂಗಾ ಎಣ್ಣೆಯ ಗಿರಣಿಗಳಿಗೆ ಹೆಸರಾದ ಊರು. ಗಿರಣಿಯೂ ಟ್ರ್ಯಾಕ್ಟರೂ ಕೊಳವೆಬಾವಿಯೂ ಇರುವ ಸೀಮೆಯಲ್ಲಿ ಬೆಸುಗೆಯ ಕಸುಬುದಾರನಿಗೆ ಕೆಲಸವು ಇಲ್ಲದಿರದು. ಸ್ಟೇನ್‌ಲೆಸ್ ಸ್ಟೀಲಿನ ತೊಟ್ಟಿ, ಮೆಟ್ಟಿಲಿನ ಕೈಪಿಡಿ, ಹೋಟೆಲಿನ ಮೇಜು, ಸೀಳಿದ ಅಲ್ಯೂಮಿನಿಯಮ್ ಭಾಗ, ಇಂಥ ನಯವಾದ ಕೆಲಸಗಳಿಗೆ ಟಿಗ್ ಎಂಬ ಬೆಸುಗೆಯಂತ್ರವೇ ತಕ್ಕದ್ದು. ಮನೆಯ ಮಗ್ಗುಲಿನ ತಗಡಿನ ಮಾಡಿನ ಕೆಳಗೆ ಅದನ್ನಿಟ್ಟುಕೊಂಡು ಜೀವನ ಸಾಗಿಸುವ ಗೃಹಸ್ಥನಿಗೆ, ಯಂತ್ರವು ನಿಂತ ದಿನ ಸಂಪಾದನೆಯೂ ನಿಲ್ಲುವುದು. ಸಾಲದ ಕಂತು ಮಾತ್ರ ನಿಲ್ಲದು. ಆ ಗಾಬರಿಯಲ್ಲಿ ಜನರು ಎರಡು ಬಗೆಯಾಗಿ ಕೆಡುವರು. ಕೆಲವರು ಒಂದು ಗೇಣು ತಂತಿ ಕಡಿದದ್ದಕ್ಕಾಗಿ ಇಡೀ ಯಂತ್ರವನ್ನು ದೂರದ ಪಟ್ಟಣಕ್ಕೆ ಹೊರಿಸಿ ವಾರಗಟ್ಟಲೆ ಕೈಕಟ್ಟಿ ಕುಳಿತಿರುವರು. ಇನ್ನು ಕೆಲವರು ಪ್ರಾಣರಕ್ಷಣೆಗೆಂದು ಇಟ್ಟ ಸ್ವಿಚ್ಚನ್ನೇ ತಂತಿ ಸುತ್ತಿ ಕಟ್ಟಿಹಾಕಿ ಕೆಲಸ ಮುಂದುವರಿಸುವರು. ಮೊದಲನೆಯದರಿಂದ ಹಣಕ್ಕೆ ನಷ್ಟ, ಎರಡನೆಯದರಿಂದ ಜೀವಕ್ಕೆ ಅಪಾಯ. ಯಾವ ದೋಷವನ್ನು ಮನೆಯಲ್ಲಿಯೇ ಸರಿಪಡಿಸಬಹುದು, ಯಾವುದಕ್ಕೆ ತಾತ್ಕಾಲಿಕವಾಗಿ ಬಳಸುದಾರಿ ಹಿಡಿಯಬಹುದು, ಯಾವುದರ ಗೊಡವೆಗೆ ಹೋಗಕೂಡದು ಎಂಬ ವಿವೇಚನೆಯೇ ಈ ವಿಷಯದಲ್ಲಿ ಮುಖ್ಯವಾದುದು.

ಟಿಗ್ ಎಂದರೇನು?

ಕಬ್ಬಿಣದ ವಿದ್ಯೆಯು ಈ ಸೀಮೆಗೆ ಹೊಸದಲ್ಲ. ಅಶೋಕನ ಶಾಸನಗಳಿಂದ ಪ್ರಸಿದ್ಧವಾದ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಅವರು ಉತ್ಖನನ ನಡೆಸಿದಾಗ, ಬೃಹತ್ ಶಿಲಾಸಮಾಧಿಗಳ ಕಾಲದ ಕಬ್ಬಿಣದ ಉಪಕರಣಗಳು ದೊರೆತುವು. ಆ ಕಾಲದ ಕಮ್ಮಾರನು ಕುಲುಮೆಯಲ್ಲಿ ಕಾಯಿಸಿ ಬಡಿದು ಕೂಡಿಸುತ್ತಿದ್ದುದನ್ನು ಇಂದಿನವನು ವಿದ್ಯುತ್ತಿನ ಚಾಪದಿಂದ ಕರಗಿಸಿ ಕೂಡಿಸುವನು.

ಟಿಗ್ ಪದ್ಧತಿಯಲ್ಲಿ ಬೆಸುಗೆಗಾರನ ಕೈಯಲ್ಲಿರುವ ಟಾರ್ಚಿನ ತುದಿಗೆ ಟಂಗ್‌ಸ್ಟನ್ ಲೋಹದ ಕಡ್ಡಿಯೊಂದು ಇರುವುದು. ಟಂಗ್‌ಸ್ಟನ್ ಕರಗಬೇಕಾದರೆ ಸುಮಾರು ೩,೪೦೦ ಡಿಗ್ರಿ ಸೆಂಟಿಗ್ರೇಡ್ ಶಾಖವು ಬೇಕು. ಆದಕಾರಣ ಉಕ್ಕು ನೀರಾದರೂ ಆ ಕಡ್ಡಿಯು ಹಾಗೆಯೇ ನಿಲ್ಲುವುದು. ಕಡ್ಡಿಗೂ ಕೆಲಸದ ಲೋಹಕ್ಕೂ ನಡುವೆ ವಿದ್ಯುಚ್ಚಾಪವು ಹೊತ್ತಿಕೊಂಡಾಗ, ಸುತ್ತಲೂ ಆರ್ಗಾನ್ ಅನಿಲವು ಹರಿದು ಕರಗಿದ ಲೋಹಕ್ಕೆ ಗಾಳಿ ತಗಲದಂತೆ ಕಾಪಾಡುವುದು. ಬೇಕಾದಷ್ಟು ಲೋಹವನ್ನು ಇನ್ನೊಂದು ಕೈಯಲ್ಲಿ ಹಿಡಿದ ಕಂಬಿಯಿಂದ ಕೂಡಿಸಿಕೊಳ್ಳುವರು. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಒಂದು ಪಾಲಿಗಿಂತ ತುಸು ಕಡಿಮೆ ಇರುವ ಆರ್ಗಾನನ್ನು ರೇಲಿ ಮತ್ತು ರ‍್ಯಾಮ್ಸೆ ಎಂಬ ವಿಜ್ಞಾನಿಗಳು ೧೮೯೪ರಲ್ಲಿ ಕಂಡುಹಿಡಿದರು. ಯಾವುದರೊಡನೆಯೂ ಬೆರೆಯದ ಅದರ ಗುಣವನ್ನು ನೋಡಿ ಗ್ರೀಕ್ ಭಾಷೆಯ ‘ಸೋಮಾರಿ’ ಎಂಬರ್ಥದ ಪದದಿಂದ ಆ ಹೆಸರಿಟ್ಟರು. ಈ ಸೋಮಾರಿತನವೇ ಬೆಸುಗೆಗೆ ಉಪಕಾರಿ.

ಅಮೆರಿಕದ ನಾರ್ತ್ರಪ್ ವಿಮಾನ ಕಂಪೆನಿಯಲ್ಲಿದ್ದ ರಸೆಲ್ ಮೆರೆಡಿತ್ ಎಂಬವರು, ಕಾದು ಕರಗಿದಾಗ ಗಾಳಿ ತಗಲಿದರೆ ಹೊತ್ತಿ ಉರಿಯುವ ಮೆಗ್ನೀಸಿಯಮ್ ಲೋಹವನ್ನು ಬೆಸೆಯುವ ಸಲುವಾಗಿ ೧೯೪೧ರಲ್ಲಿ ಈ ಪದ್ಧತಿಯನ್ನು ಕೈಗೂಡಿಸಿದರು. ಅವರು ಬಳಸಿದ್ದು ಹೀಲಿಯಮ್ ಅನಿಲ. ವಿಮಾನಕ್ಕಾಗಿ ಹುಟ್ಟಿದ ಈ ವಿದ್ಯೆಯು ಹಳ್ಳಿಯ ಕೊಟ್ಟಿಗೆಯವರೆಗೂ ಇಳಿದುಬಂದಿದೆ. ೨೦೧೭ರ ಮೇ ತಿಂಗಳಲ್ಲಿ ವಿಮಾನ ಪರೀಕ್ಷಾ ಕ್ಷೇತ್ರವೊಂದು ಪ್ರಾರಂಭವಾದ ಚಳ್ಳಕೆರೆಯ ಸೀಮೆಯಲ್ಲಿ ಈ ಸಂಬಂಧವು ವಾಚಕರಿಗೆ ಕುತೂಹಲವನ್ನುಂಟುಮಾಡದಿರದು.

ಐದು ಹತೋಟಿಗಳು

ಟಿಗ್ ಯಂತ್ರದ ಹತೋಟಿಗಳು ನೋಡುವುದಕ್ಕೆ ಬಹಳವಾಗಿ ತೋರಿದರೂ ಅವುಗಳನ್ನು ಐದಾಗಿ ವಿಂಗಡಿಸಬಹುದು. ಮೊದಲನೆಯದು, ಕೆಲಸವನ್ನು ಪ್ರಾರಂಭಿಸುವ ಸ್ವಿಚ್ಚು. ಇದು ಟಾರ್ಚಿನ ಹಿಡಿಯಲ್ಲಿಯೋ ಕಾಲಿನಿಂದ ಒತ್ತುವ ಪೆಡಲಿನಲ್ಲಿಯೋ ಇರುವುದು. ಎರಡನೆಯದು, ವಿದ್ಯುತ್ಪ್ರವಾಹವನ್ನು ಹೆಚ್ಚು ಕಡಿಮೆ ಮಾಡುವ ತಿರುಗುಗುಂಡಿ ಅಥವಾ ಪೆಡಲು. ಮೂರನೆಯದು, ಅನಿಲವನ್ನು ಬಿಟ್ಟು ಮುಚ್ಚುವ ವಿದ್ಯುತ್ ವಾಲ್ವು. ಕಸುಬಿನವರು ಇದನ್ನು ಸೊಲಿನಾಯ್ಡ್ ಎನ್ನುವರು. ನಾಲ್ಕನೆಯದು, ಕಡ್ಡಿಯು ಲೋಹವನ್ನು ಮುಟ್ಟದೆಯೇ ಚಾಪವನ್ನು ಹೊತ್ತಿಸುವ ಎಚ್‌ಎಫ್ ಕಿಡಿ. ಸಾವಿರಾರು ವೋಲ್ಟುಗಳ ಅತಿವೇಗದ ಕಂಪನವು ಕಡ್ಡಿಯ ತುದಿಯಿಂದ ಹಾರಿ ದಾರಿ ಮಾಡಿಕೊಡುವುದು. ಐದನೆಯದು ಕಾಲದ ಹತೋಟಿ. ಕೊನೆಯಲ್ಲಿ ಪ್ರವಾಹವನ್ನು ಮೆಲ್ಲಗೆ ಇಳಿಸುವುದೂ ಚಾಪವು ಆರಿದ ಮೇಲೆ ಕೆಲವು ಸೆಕೆಂಡುಗಳವರೆಗೆ ಅನಿಲವನ್ನು ಹರಿಯಗೊಡುವುದೂ ಇದರ ಕೆಲಸ.

ಇವುಗಳಲ್ಲಿ ಯಾವುದು ಕೆಟ್ಟರೂ ಯಂತ್ರವೇ ಸತ್ತಿತೆಂದು ಭ್ರಮೆಯಾಗುವುದು ಸಹಜ. ಆದರೆ ಕಾಲಿನ ತುಳಿತ, ಕೈಯ ಎಳೆತ, ನೆಲದ ಧೂಳು ಇವೆಲ್ಲವನ್ನೂ ಅನುಭವಿಸುವ ಹೊರಗಿನ ಭಾಗಗಳೇ ಸಾಮಾನ್ಯವಾಗಿ ಮೊದಲು ಸವೆಯುವುವು. ಪೆಟ್ಟಿಗೆಯ ಒಳಗಿನ ಬೆಲೆಬಾಳುವ ಭಾಗಗಳನ್ನು ಸಂಶಯಿಸುವುದಕ್ಕೆ ಮೊದಲು ಇವನ್ನು ಪರೀಕ್ಷಿಸತಕ್ಕದ್ದು.

ಕಿವಿಯೂ ಕಣ್ಣೂ ಹೇಳುವ ಸಾಕ್ಷಿ

ನೇಕಾರನಿಗೆ ಬಟ್ಟೆಯು ಹೇಗೋ ಬೆಸುಗೆಗಾರನಿಗೆ ಬೆಸುಗೆಯ ಗೆರೆಯೂ ಯಂತ್ರದ ಸದ್ದೂ ಹಾಗೆ. ಒಣಗಿದ ಕೈಗವಸು ತೊಟ್ಟು, ಟಾರ್ಚನ್ನು ಮೈಗೂ ಕೆಲಸದ ಮೇಜಿಗೂ ದೂರವಾಗಿ ಹಿಡಿದು, ಸ್ವಿಚ್ಚನ್ನು ಒತ್ತಿ ಕಿವಿಗೊಟ್ಟು ಕೇಳಬೇಕು. ಸರಿಯಾಗಿರುವ ಯಂತ್ರದಲ್ಲಿ ಮೂರು ಸದ್ದುಗಳು ಬರುವುವು: ವಾಲ್ವು ತೆರೆಯುವ ‘ಟಿಕ್’ ಎಂಬ ಸದ್ದು, ಅನಿಲವು ಹರಿಯುವ ‘ಸುಯ್’ ಎಂಬ ಸದ್ದು, ಎಚ್‌ಎಫ್ ಕಿಡಿಯ ಚರಚರ ಸದ್ದು.

ಮೂರೂ ಕೇಳಿಸದಿದ್ದರೆ, ಮೂರಕ್ಕೂ ಸಮಾನವಾದ ಕಾರಣವನ್ನು ಹುಡುಕಬೇಕು. ಯಂತ್ರದ ದೀಪವು ಉರಿಯುತ್ತಿದ್ದರೆ ಅದು ಬಹುಮಟ್ಟಿಗೆ ಸ್ವಿಚ್ಚೋ, ಅದರ ತಂತಿಯೋ, ತಂತಿಯ ತುದಿಯ ಪ್ಲಗ್ಗೋ ಆಗಿರುವುದು. ‘ಟಿಕ್’ ಎಂದರೂ ‘ಸುಯ್’ ಎನ್ನದಿದ್ದರೆ, ಸಿಲಿಂಡರು ಬರಿದಾಗಿದೆ, ಕೊಳವೆಯು ಮಡಿಸಿಕೊಂಡಿದೆ, ಇಲ್ಲವೆ ದಾರಿಯಲ್ಲಿ ಕಸ ಸಿಕ್ಕಿದೆ. ಅನಿಲವು ಹರಿದೂ ಕಿಡಿ ಹಾರದಿದ್ದರೆ ದೋಷವು ಎಚ್‌ಎಫ್ ಭಾಗದಲ್ಲಿದೆ. ಮೂರು ಸದ್ದುಗಳೂ ಬಂದು ಚಾಪ ಮಾತ್ರ ನಿಲ್ಲದಿದ್ದರೆ, ಕೆಲಸಕ್ಕೆ ಕಚ್ಚಿಸಿದ ಹಿಂತಂತಿಯ ಚಿಮಟವನ್ನು ಮೊದಲು ನೋಡಬೇಕು. ತುಕ್ಕಿನ ಮೇಲೆಯೋ ಬಣ್ಣದ ಮೇಲೆಯೋ ಕಚ್ಚಿದ ಚಿಮಟವು ಎಷ್ಟೋ ಒಳ್ಳೆಯ ಯಂತ್ರಗಳಿಗೆ ಕೆಟ್ಟ ಹೆಸರನ್ನು ತಂದಿದೆ. ಚಾಪವು ಹೊತ್ತಿಯೂ ಪೆಡಲಿನ ಮಾತನ್ನು ಕೇಳದೆ ಒಮ್ಮೆಲೇ ಏರಿ ಇಳಿಯುತ್ತಿದ್ದರೆ, ಪ್ರವಾಹದ ಹತೋಟಿಯು ಸವೆದಿದೆಯೆಂದು ತಿಳಿಯಬೇಕು.

ಇನ್ನು ಕಣ್ಣಿನ ಸಾಕ್ಷಿ. ಬೆಸುಗೆಯ ಗೆರೆಯಲ್ಲಿ ಸೂಜಿಮೊನೆಯಂಥ ತೂತುಗಳಿದ್ದರೆ ಅನಿಲವು ಸಾಲದು, ಇಲ್ಲವೆ ಗಾಳಿ ಬೀಸಿ ಅದನ್ನು ಚದರಿಸುತ್ತಿದೆ, ಇಲ್ಲವೆ ಲೋಹದ ಮೇಲಣ ಎಣ್ಣೆಯೋ ಕೊಳೆಯೋ ಹೋಗಿಲ್ಲ. ಕೆಲಸ ನಿಲ್ಲಿಸಿದ ಮೇಲೆ ಟಂಗ್‌ಸ್ಟನ್ ತುದಿಯು ಬೆಳ್ಳಿಯಂತೆ ಹೊಳೆಯದೆ ನೀಲಿಯೋ ಕಪ್ಪೋ ಆದರೆ, ಅನಿಲವು ಬೇಗನೆ ನಿಂತುಹೋಗುತ್ತಿದೆಯೆಂದು ಅರ್ಥ. ಗೆರೆಯ ಕೊನೆಯಲ್ಲಿ ಕುಳಿಬಿದ್ದು ನಕ್ಷತ್ರದಂತೆ ಸೀಳಿದ್ದರೆ, ಪ್ರವಾಹವು ಮೆಲ್ಲಗೆ ಇಳಿಯದೆ ಥಟ್ಟನೆ ಕಡಿಯುತ್ತಿದೆ.

ಆದರೆ ಇದಕ್ಕೆಲ್ಲ ಮೊದಲು ಯಂತ್ರದ ಮುಖದ ಮೇಲಿನ ಗುಂಡಿಗಳು ಸರಿಯಾದ ಸ್ಥಾನದಲ್ಲಿವೆಯೇ ಎಂದು ನೋಡುವುದನ್ನು ಮರೆಯಬಾರದು. ಮುಟ್ಟಿಸಿ ಎತ್ತುವ ‘ಲಿಫ್ಟ್’ ಸ್ಥಾನದಲ್ಲಿ ಯಂತ್ರವನ್ನಿಟ್ಟಿದ್ದರೆ ಕಿಡಿಯು ಹಾರುವುದೇ ಇಲ್ಲ. ಒಮ್ಮೆ ಒತ್ತಿದರೆ ಹೊತ್ತಿ, ಮತ್ತೊಮ್ಮೆ ಒತ್ತಿದರೆ ಆರುವ ನಾಲ್ಕು ಹಂತದ ಸ್ಥಾನದಲ್ಲಿ ಪೆಡಲನ್ನು ಬಳಸಿದರೆ ಅದು ಹುಚ್ಚುಹಿಡಿದಂತೆ ವರ್ತಿಸುವುದು. ಇವು ದೋಷಗಳಲ್ಲ. ಮಕ್ಕಳ ಕೈಯಾಡಿದ ಗುಂಡಿಯೊಂದು ಇಡೀ ದಿನದ ಕೆಲಸವನ್ನು ಕೆಡಿಸಬಲ್ಲುದು.

ಗೋಡೆಯ ಪ್ಲಗ್ಗಿನಿಂದ ಪ್ರಾರಂಭ

ಪರೀಕ್ಷೆಯು ಹೊರಗಿನಿಂದ ಒಳಕ್ಕೆ ಸಾಗಬೇಕು. ಮೊದಲನೆಯದು ಮನೆಗೆ ಬರುವ ವಿದ್ಯುತ್ತು. ೨೩೦ ವೋಲ್ಟು ಇರಬೇಕಾದ ಕಡೆ, ಸುತ್ತಲಿನ ಪಂಪುಗಳು ಒಟ್ಟಿಗೆ ಓಡುವ ವೇಳೆಯಲ್ಲಿ ಬಹಳ ಕಡಿಮೆ ಬರುವುದುಂಟು. ಅದರ ಮೇಲೆ ಉದ್ದನೆಯ ತೆಳು ತಂತಿಯನ್ನು ಬಳಸಿದರೆ ಇನ್ನಷ್ಟು ನಷ್ಟವಾಗುವುದು. ಲೆಕ್ಕ ನೋಡಿ: ೧.೫ ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ೩೦ ಮೀಟರು ದೂರ ಎಳೆದು ೨೦ ಆಂಪಿಯರ್ ಹರಿಸಿದರೆ, ಹೋಗಿಬರುವ ದಾರಿಯಲ್ಲಿಯೇ ೧೪ ವೋಲ್ಟಿಗೂ ಮಿಕ್ಕಿ ಕಳೆದುಹೋಗುವುದು. ೨.೫ ಚದರ ಮಿಲಿಮೀಟರಿನ ತಂತಿಯಾದರೆ ಸುಮಾರು ೯ ವೋಲ್ಟು ಮಾತ್ರ. ವೋಲ್ಟು ಇಳಿದರೆ ಇನ್ವರ್ಟರು ಜಾತಿಯ ಯಂತ್ರವು ತಾನೇ ನಿಂತುಬಿಡುವುದು ಅಥವಾ ಚಾಪವು ತಡವರಿಸುವುದು. ಇದನ್ನು ಪೆಡಲಿನ ದೋಷವೆಂದು ಭಾವಿಸಿ ಪೆಡಲನ್ನು ಬಿಚ್ಚುವುದು, ಬಾವಿ ಬತ್ತಿದ್ದಕ್ಕೆ ಬಿಂದಿಗೆಯನ್ನು ಒಡೆದಂತೆ.

ಎರಡನೆಯದು ಅನಿಲ. ೭ ಘನಮೀಟರಿನ ಸಿಲಿಂಡರಿನಲ್ಲಿ ೭,೦೦೦ ಲೀಟರು ಅನಿಲವಿರುವುದು. ನಿಮಿಷಕ್ಕೆ ೮ ಲೀಟರಿನಂತೆ ಬಿಟ್ಟರೆ ಹದಿನಾಲ್ಕು ಗಂಟೆಗಳಿಗೆ ತುಸು ಹೆಚ್ಚು ಕಾಲ ಬರುವುದು. ಅದಕ್ಕಿಂತ ಬಹಳ ಮುಂಚೆಯೇ ತೀರಿದರೆ ಕೂಡುಗಳಿಗೆ ಸಾಬೂನುನೀರು ಹಚ್ಚಿ ಗುಳ್ಳೆಯೇಳುವುದೇ ಎಂದು ನೋಡಬೇಕು. ಮೂರನೆಯದಾಗಿ ಚಿಮಟ, ಆ ಮೇಲೆ ಪ್ಲಗ್ಗುಗಳ ಸೂಜಿಗಳು, ತರುವಾಯ ಟಾರ್ಚು ಮತ್ತು ಪೆಡಲು.

ಪೆಡಲೂ ಸ್ವಿಚ್ಚೂ

ಯಂತ್ರವನ್ನು ಗೋಡೆಯ ಪ್ಲಗ್ಗಿನಿಂದ ಕಳಚಿ, ಪೆಡಲನ್ನು ಯಂತ್ರದಿಂದ ಬೇರ್ಪಡಿಸಿಯೇ ಮುಂದಿನ ಪರೀಕ್ಷೆಯನ್ನು ಮಾಡತಕ್ಕದ್ದು. ಪೆಡಲಿನ ಒಳಗೆ ಸಾಮಾನ್ಯವಾಗಿ ಎರಡು ಸಾಮಾನುಗಳಿರುವುವು: ತುಳಿದೊಡನೆ ಕೂಡುವ ಚಿಕ್ಕ ಸ್ವಿಚ್ಚು, ಮತ್ತು ತುಳಿತದ ಅಳತೆಗೆ ತಕ್ಕಂತೆ ತಿರುಗುವ ಪೊಟೆನ್ಷಿಯೋಮೀಟರು. ಎರಡನೆಯದಕ್ಕೆ ಮೂರು ಕಾಲುಗಳು. ಮಲ್ಟಿಮೀಟರನ್ನು ಓಮ್ ಸ್ಥಾನದಲ್ಲಿಟ್ಟು ಎರಡು ಹೊರಗಾಲುಗಳಿಗೆ ಹಿಡಿದರೆ, ಪೆಡಲನ್ನು ಹೇಗೆ ತುಳಿದರೂ ಒಂದೇ ಅಂಕಿ ತೋರಬೇಕು. ಹತ್ತು ಸಾವಿರ ಓಮಿನ ಸಾಮಾನಾದರೆ ಸುಮಾರು ಹತ್ತು ಸಾವಿರ. ನಡುಗಾಲಿಗೂ ಒಂದು ಹೊರಗಾಲಿಗೂ ಹಿಡಿದು ಮೆಲ್ಲಗೆ ತುಳಿದರೆ, ಅಂಕಿಯು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನೀರು ಹರಿದಂತೆ ಸಾಗಬೇಕು. ನಡುವೆ ಎಗರಿದರೆ ಅಥವಾ ಕಡಿದುಹೋದರೆ ಒಳಗಿನ ಇದ್ದಲಿನ ಪಟ್ಟಿಯು ಸವೆದಿದೆಯೆಂದು ನಿಶ್ಚಯಿಸಬಹುದು. ಮುಳ್ಳು ಓಡುವ ಹಳೆಯ ಮೀಟರು ಈ ಕೆಲಸಕ್ಕೆ ಅಂಕಿ ತೋರುವ ಹೊಸದಕ್ಕಿಂತ ಮೇಲು. ಮುಳ್ಳಿನ ನಡುಕವು ಕಣ್ಣಿಗೆ ಬೇಗನೆ ಬೀಳುವುದು.

ಹೊಸದನ್ನು ತರುವಾಗ ಓಮಿನ ಅಂಕಿಯೊಂದೇ ಸರಿಹೊಂದಿದರೆ ಸಾಲದು, ಜಾತಿಯೂ ಸರಿಹೊಂದಬೇಕು. ಬೆಸುಗೆಗೆ ಬೇಕಾದುದು ಸಾಮಾನ್ಯವಾಗಿ ತುಳಿದಷ್ಟೇ ಏರುವ ಲೀನಿಯರ್ ಜಾತಿ. ರೇಡಿಯೋದ ದನಿ ಏರಿಸುವುದಕ್ಕೆ ಹಾಕುವ ಜಾತಿಯನ್ನು ತಂದು ಕೂರಿಸಿದರೆ, ಮುಕ್ಕಾಲು ಪಾಲು ತುಳಿದರೂ ಪ್ರವಾಹವು ಏರದೆ ಕೊನೆಯಲ್ಲಿ ಒಮ್ಮೆಗೇ ನುಗ್ಗಿ ತಗಡನ್ನು ತೂತುಮಾಡುವುದು. ಇಲ್ಲವೆ ತುಳಿದೊಡನೆಯೇ ನುಗ್ಗುವುದು. ಎಷ್ಟೋ ವೇಳೆ ಪೊಟೆನ್ಷಿಯೋಮೀಟರು ನೆಟ್ಟಗಿದ್ದು, ಅದನ್ನು ತಿರುಗಿಸುವ ಹಲ್ಲುಚಕ್ರದ ಪುಟ್ಟ ತಿರುಪು ಸಡಿಲಿ ಜಾರುತ್ತಿರುವುದೂ ಉಂಟು. ಒಂದು ತಯಾರಿಕೆಯ ಪೆಡಲು ಮತ್ತೊಂದಕ್ಕೆ ಪ್ಲಗ್ಗಿನಲ್ಲಿ ಹೊಂದಿದರೂ ತಂತಿಗಳ ಕ್ರಮದಲ್ಲಿ ಹೊಂದದಿರಬಹುದು. ಕೈಪುಸ್ತಕದ ನಕ್ಷೆಯನ್ನು ನೋಡದೆ ಜೋಡಿಸಕೂಡದು.

ಟಾರ್ಚಿನ ಸ್ವಿಚ್ಚಿನ ತಂತಿಯು ಸಾಮಾನ್ಯವಾಗಿ ಕಡಿಯುವುದು ಹಿಡಿಯಿಂದ ಒಂದು ಗೇಣಿನೊಳಗೆ, ದಿನವೂ ಬಾಗುವ ಎಡೆಯಲ್ಲಿ. ಹೊರಗಿನ ಹೊದಿಕೆಯು ಚೆನ್ನಾಗಿರುವುದರಿಂದ ಕಡಿದದ್ದು ಕಾಣದು. ಮೀಟರು ಹಿಡಿದು, ಸ್ವಿಚ್ಚನ್ನೊತ್ತಿ, ತಂತಿಯನ್ನು ಅಂಗುಲ ಅಂಗುಲವಾಗಿ ಬಾಗಿಸಿದರೆ ಎಲ್ಲಿ ಕಡಿದಿದೆಯೆಂದು ತಿಳಿಯುವುದು. ಕೆಟ್ಟ ತುಂಡನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಸೋಲ್ಡರ್ ಹಾಕಿ ಸೇರಿಸಿ, ಪ್ರತಿಯೊಂದು ಎಳೆಗೂ ಬೇರೆಬೇರೆಯಾಗಿ ಹೊದಿಕೆ ಹಾಕಬೇಕು. ಈ ತಂತಿಯ ನೆರೆಯಲ್ಲಿಯೇ ಎಚ್‌ಎಫ್ ಪ್ರವಾಹವು ಓಡುವುದರಿಂದ ಹೊದಿಕೆಯು ಸಡಿಲವಾಗಿದ್ದರೆ ಅದು ಯಂತ್ರದೊಳಕ್ಕೆ ನುಗ್ಗಿ ದೊಡ್ಡ ಹಾನಿಯನ್ನುಂಟುಮಾಡೀತು. ಮೀಟರು ಟಾರ್ಚಿಗೆ ತಗಲಿರುವಾಗ ಯಂತ್ರವನ್ನು ಎಂದಿಗೂ ಚಾಲೂ ಮಾಡಬಾರದು; ಎಚ್‌ಎಫ್ ಕಿಡಿಯು ಕ್ಷಣಮಾತ್ರದಲ್ಲಿ ಮೀಟರನ್ನು ಸುಡುವುದು.

ಕೆಲಸ ನಿಲ್ಲದಂತೆ ಮಾಡುವ ಉಪಾಯಗಳು

ಹೊಸ ಸಾಮಾನು ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಪೆಡಲು ಕೆಟ್ಟಿದ್ದರೆ ಅದನ್ನು ಕಳಚಿಟ್ಟು, ಟಾರ್ಚಿನ ಸ್ವಿಚ್ಚಿನಿಂದ ಯಂತ್ರವನ್ನು ನಡೆಸಿ, ಪ್ರವಾಹವನ್ನು ಮುಖದ ಗುಂಡಿಯಿಂದ ಗೊತ್ತುಮಾಡಿಕೊಳ್ಳಬಹುದು. ಸಾಮಾನ್ಯ ಉಕ್ಕಿಗೆ ಒಂದು ಮಿಲಿಮೀಟರು ದಪ್ಪಕ್ಕೆ ೪೦ ಆಂಪಿಯರ್ ಎಂಬುದು ಪ್ರಾರಂಭದ ಅಳತೆ. ಸ್ಟೇನ್‌ಲೆಸ್ ಸ್ಟೀಲಿಗೆ ಅದಕ್ಕಿಂತ ತುಸು ಕಡಿಮೆ ಸಾಕು. ಪೆಡಲಿಲ್ಲದಿರುವಾಗ ಶಾಖದ ಹತೋಟಿಯು ಕೈಯ ವೇಗಕ್ಕೆ ಬರುವುದು: ತಗಡು ಕಾದಂತೆಲ್ಲಾ ಕೈಯನ್ನು ಬೇಗ ಸಾಗಿಸಬೇಕು, ಅಥವಾ ಸ್ವಲ್ಪ ಸ್ವಲ್ಪವಾಗಿ ಬೆಸೆದು ಆರಗೊಡಬೇಕು. ತೆಳು ತಗಡಿನ ಬೆನ್ನಿಗೆ ತಾಮ್ರದ ಪಟ್ಟಿಯನ್ನು ಒತ್ತಿಟ್ಟರೆ ಹೆಚ್ಚಿನ ಶಾಖವನ್ನು ಅದು ಹೀರಿಕೊಳ್ಳುವುದು.

ಎಚ್‌ಎಫ್ ಕಿಡಿಯು ಹಾರದಿದ್ದರೆ, ಲಿಫ್ಟ್ ಪದ್ಧತಿಯುಳ್ಳ ಯಂತ್ರದಲ್ಲಿ ಕಡ್ಡಿಯನ್ನು ಲೋಹಕ್ಕೆ ಮುಟ್ಟಿಸಿ ಮೆಲ್ಲಗೆ ಎತ್ತಿ ಹೊತ್ತಿಸಬಹುದು. ಆ ಸೌಕರ್ಯವೂ ಇಲ್ಲದ ಯಂತ್ರದಲ್ಲಿ ಬೆಂಕಿಕಡ್ಡಿ ಗೀರಿದಂತೆ ಗೀರಿ ಹೊತ್ತಿಸುವುದು ಹಳೆಯ ಕ್ರಮ. ಆದರೆ ಕೆಲಸದ ಮೇಲೆಯೇ ಗೀರಿದರೆ ಟಂಗ್‌ಸ್ಟನ್ನಿನ ಚೂರು ಬೆಸುಗೆಯಲ್ಲಿ ಸಿಕ್ಕಿಕೊಂಡು ಅದನ್ನು ದುರ್ಬಲಗೊಳಿಸುವುದು. ಪಕ್ಕದಲ್ಲಿ ತಾಮ್ರದ ತುಂಡೊಂದನ್ನಿಟ್ಟು ಅದರ ಮೇಲೆ ಗೀರಿ, ಚಾಪವು ನಿಂತ ಮೇಲೆ ಕೆಲಸದ ಮೇಲಕ್ಕೆ ಸರಿಸಿಕೊಳ್ಳಬೇಕು. ಈ ಉಪಾಯವು ಉಕ್ಕಿಗೂ ಸ್ಟೇನ್‌ಲೆಸ್ ಸ್ಟೀಲಿಗೂ ಸಲ್ಲುವುದು. ಅಲ್ಯೂಮಿನಿಯಮ್ಮಿಗೆ ದಿಕ್ಕು ಬದಲಿಸುತ್ತಲೇ ಇರುವ ಎಸಿ ಪ್ರವಾಹವು ಬೇಕಾಗುವುದರಿಂದ, ಹಳೆಯ ಟ್ರಾನ್ಸ್‌ಫಾರ್ಮರು ಯಂತ್ರಗಳಲ್ಲಿ ಎಚ್‌ಎಫ್ ಇಲ್ಲದೆ ಚಾಪವು ನಿಲ್ಲದು. ಆ ಕೆಲಸವನ್ನು ದುರಸ್ತಿಯಾಗುವವರೆಗೆ ಮುಂದಕ್ಕೆ ಹಾಕುವುದೇ ಲೇಸು.

ಅನಿಲದ ವಾಲ್ವು ತೆರೆಯದಿದ್ದರೆ, ಹಿಡಿಯಲ್ಲಿಯೇ ಕೈತಿರುಪು ಇರುವ ಟಾರ್ಚನ್ನು ತಂದು, ರೆಗ್ಯುಲೇಟರಿನಿಂದ ಅನಿಲದ ಕೊಳವೆಯನ್ನು ನೇರವಾಗಿ ಅದಕ್ಕೆ ಸೇರಿಸಬಹುದು. ಆಗ ಯಂತ್ರವು ಮಾಡುತ್ತಿದ್ದ ಕೆಲಸವನ್ನು ಮನುಷ್ಯನೇ ನೆನಪಿಟ್ಟು ಮಾಡಬೇಕು: ಚಾಪಕ್ಕೆ ಮೊದಲು ಅನಿಲ, ಚಾಪದ ತರುವಾಯವೂ ಅನಿಲ. ಹತ್ತು ಆಂಪಿಯರಿಗೆ ಒಂದು ಸೆಕೆಂಡಿನಂತೆ, ೧೦೦ ಆಂಪಿಯರಿನ ಕೆಲಸಕ್ಕೆ ೧೦ ಸೆಕೆಂಡು ಟಾರ್ಚನ್ನು ಬೆಸುಗೆಯ ಕೊನೆಯ ಮೇಲೆಯೇ ಅಲುಗದಂತೆ ಹಿಡಿದಿದ್ದು, ಆ ಮೇಲೆ ತಿರುಪನ್ನು ಮುಚ್ಚಬೇಕು. ಪ್ರವಾಹವನ್ನು ಮೆಲ್ಲಗೆ ಇಳಿಸುವ ಹತೋಟಿಯು ಕೆಟ್ಟಿದ್ದರೆ, ಕೆಲಸದ ಅಂಚಿಗೆ ಅದೇ ಲೋಹದ ಚೂರೊಂದನ್ನು ತಾಗಿಸಿಟ್ಟು ಗೆರೆಯನ್ನು ಅದರ ಮೇಲಕ್ಕೆ ಓಡಿಸಿ ಅಲ್ಲಿ ಮುಗಿಸಿದರೆ, ಕುಳಿಯೂ ಸೀಳೂ ಆ ಚೂರಿನಲ್ಲಿ ಉಳಿದು ಕೆಲಸವು ಕೆಡದು. ಹೀಗೆ ಅಂಚಿಗೆ ಓಡಿಸಲಾಗದ ಎಡೆಯಲ್ಲಿ, ಕೊನೆಯಲ್ಲಿ ಕಂಬಿಯನ್ನು ತುಸು ಹೆಚ್ಚಾಗಿ ಕೂಡಿಸಿ ಗೆರೆಯ ಮೇಲೆಯೇ ಹಿಂದಕ್ಕೆ ಸರಿದು ನಿಲ್ಲಿಸಬೇಕು.

ಬಳಸುದಾರಿ ಹಿಡಿಯಕೂಡದ ಎಡೆಗಳು

ಮೇಲೆ ಹೇಳಿದ ಹತೋಟಿಗಳೆಲ್ಲವೂ ಕೆಲಸದ ಸೌಕರ್ಯಕ್ಕಾಗಿ ಇರತಕ್ಕವು; ಅವುಗಳ ಬದಲು ಕೈಯ ಚಳಕವನ್ನು ಹೂಡಬಹುದು. ರಕ್ಷಣೆಗಾಗಿ ಇರುವ ಹತೋಟಿಗಳ ಜಾತಿಯೇ ಬೇರೆ. ಅರ್ಥಿಂಗ್ ತಂತಿ, ಫ್ಯೂಸು ಅಥವಾ ಎಂಸಿಬಿ, ಪೆಟ್ಟಿಗೆಯು ಅತಿಯಾಗಿ ಕಾದಾಗ ಯಂತ್ರವನ್ನು ನಿಲ್ಲಿಸುವ ಶಾಖದ ಸ್ವಿಚ್ಚು, ಒಳಗಿನ ಬೀಸಣಿಗೆ, ನೀರಿನಿಂದ ತಂಪಾಗುವ ಟಾರ್ಚಿನಲ್ಲಿ ನೀರು ನಿಂತೊಡನೆ ಪ್ರವಾಹವನ್ನು ಕಡಿಯುವ ಸ್ವಿಚ್ಚು, ಇವುಗಳಲ್ಲಿ ಒಂದಕ್ಕಾದರೂ ಬಳಸುದಾರಿಯಿಲ್ಲ. ಯಂತ್ರವು ಪದೇ ಪದೇ ನಿಲ್ಲುತ್ತಿದ್ದರೆ ನಿಲ್ಲಿಸಿದ ಸ್ವಿಚ್ಚನ್ನು ಶಪಿಸದೆ, ನಿಲ್ಲುವುದಕ್ಕೆ ಕಾರಣವೇನೆಂದು ಕೇಳಬೇಕು. ಡ್ಯೂಟಿ ಸೈಕಲ್ ನೂರಕ್ಕೆ ೬೦ ಎಂದು ಬರೆದ ಯಂತ್ರವು ಆ ಪ್ರವಾಹದಲ್ಲಿ ಹತ್ತು ನಿಮಿಷಕ್ಕೆ ಆರು ನಿಮಿಷ ಮಾತ್ರ ದುಡಿಯಬಲ್ಲುದು. ಆ ಲೆಕ್ಕವನ್ನೂ ಸಾಮಾನ್ಯವಾಗಿ ೪೦ ಡಿಗ್ರಿ ಸೆಂಟಿಗ್ರೇಡಿನ ಗಾಳಿಗೆ ಹಾಕಿರುವರು. ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲೊಂದಾದ ಚಳ್ಳಕೆರೆಯಲ್ಲಿ, ಬೇಸಗೆಯ ನಡುಹಗಲು ತಗಡಿನ ಮಾಡಿನ ಕೆಳಗೆ ಯಂತ್ರವು ಬಳಲಿದರೆ ಅದು ದೋಷವಲ್ಲ. ಬೆಳಗಿನ ತಂಪಿನಲ್ಲಿ ಕೆಲಸ ಮಾಡುವುದು ಅದಕ್ಕೆ ಮದ್ದು.

ಪೆಟ್ಟಿಗೆಯನ್ನು ಬಿಚ್ಚುವ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಇನ್ವರ್ಟರು ಯಂತ್ರದ ಒಳಗಿನ ಕೆಪಾಸಿಟರುಗಳು ೨೩೦ ವೋಲ್ಟಿನಿಂದ ಸುಮಾರು ೩೨೫ ವೋಲ್ಟಿನ ನೇರ ಪ್ರವಾಹವನ್ನು ಕೂಡಿಟ್ಟುಕೊಳ್ಳುವುವು. ಪ್ಲಗ್ಗನ್ನು ಕಿತ್ತ ಮೇಲ್ಪಟ್ಟೂ ಆ ಸಂಚಯವು ಉಳಿದಿದ್ದು ಪ್ರಾಣಹಾನಿ ಮಾಡಬಲ್ಲುದು. ಅದನ್ನು ಅಳೆದು ಇಳಿಸುವ ಕ್ರಮವನ್ನು ಬಲ್ಲವನ ಹೊರತು ಮತ್ತಾರೂ ಒಳಗೆ ಕೈಯಿಡಕೂಡದು. ಎಚ್‌ಎಫ್ ಕಿಡಿಯ ಭಾಗವೂ ಒಳಗಿನ ಸರ್ಕ್ಯೂಟ್ ಬೋರ್ಡೂ ಕೆಟ್ಟಿದೆಯೆಂದು ಹೊರಗಿನ ಪರೀಕ್ಷೆಗಳಿಂದ ನಿಶ್ಚಯವಾದ ಮೇಲೆ, ಯಂತ್ರವನ್ನು ತಿಳಿದವರ ಬಳಿಗೆ ಒಯ್ಯುವುದೇ ನ್ಯಾಯ. ಆಗಲೂ ಮಾಡಿದ ಪರೀಕ್ಷೆಗಳನ್ನು ಕಾಗದದ ಮೇಲೆ ಬರೆದುಕೊಟ್ಟರೆ ದುರಸ್ತಿಗಾರನ ವೇಳೆಯೂ ಗೃಹಸ್ಥನ ಹಣವೂ ಉಳಿಯುವುವು.

ಮನೆಯವರ ಕ್ಷೇಮ

ಕಾರ್ಯಾಗಾರವು ಮನೆಗೆ ಅಂಟಿಕೊಂಡಿರುವುದರಿಂದ ಮನೆಯವರ ವಿಚಾರವನ್ನೂ ಹೇಳದೆ ಬಿಡಲಾಗದು. ಆರ್ಗಾನ್ ಗಾಳಿಗಿಂತ ಭಾರವಾದುದು, ಬಣ್ಣವಿಲ್ಲ, ವಾಸನೆಯಿಲ್ಲ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಸೋರಿದರೆ ಉಸಿರಾಟದ ಗಾಳಿಯನ್ನು ತಳ್ಳಿ ತಾನು ತುಂಬಿಕೊಳ್ಳುವುದು. ಕೈತಿರುಪಿನ ಟಾರ್ಚನ್ನು ಬಳಸುವ ದಿನಗಳಲ್ಲಿ ಸಂಜೆ ಸಿಲಿಂಡರಿನ ಬಾಯನ್ನೇ ಮುಚ್ಚಬೇಕು. ಸಿಲಿಂಡರಿರುವ ಕೋಣೆಯಲ್ಲಿ ಯಾರೂ ಮಲಗಕೂಡದು. ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಗೋಡೆಗೆ ಸರಪಳಿ ಬಿಗಿದಿರಬೇಕು. ಚಾಪದ ಬೆಳಕನ್ನು ಬರಿಗಣ್ಣಿನಿಂದ ನೋಡಿದ ಮಗುವಿಗೆ ಆಗ ಏನೂ ತೋರದೆ, ಕೆಲವು ಗಂಟೆಗಳ ಮೇಲೆ ರಾತ್ರಿ ಕಣ್ಣಿನಲ್ಲಿ ಮರಳು ಹೊಯ್ದಂತೆ ಉರಿಯುವುದು. ಬಾಗಿಲಿಗೆ ದಪ್ಪ ಪರದೆಯೊಂದು ಇರಲೇಬೇಕು. ಹೃದಯಕ್ಕೆ ಪೇಸ್‌ಮೇಕರು ಹಾಕಿಸಿಕೊಂಡ ಹಿರಿಯರಿದ್ದರೆ, ವೈದ್ಯರನ್ನು ಕೇಳದೆ ಅವರನ್ನು ಯಂತ್ರದ ಬಳಿಗೆ ಬರಗೊಡಬಾರದು.

ಯಂತ್ರಕ್ಕೂ ಒಂದು ಉಪಚಾರವುಂಟು. ಉಜ್ಜುವ ಗ್ರೈಂಡರನ್ನು ಅದರಿಂದ ದೂರವಿಡಬೇಕು. ಹಾರಿದ ಕಬ್ಬಿಣದ ಪುಡಿಯನ್ನು ಬೀಸಣಿಗೆಯು ಒಳಕ್ಕೆ ಸೆಳೆದುಕೊಂಡು ಬೋರ್ಡಿನ ಮೇಲೆ ಹರಡಿದರೆ, ವಿದ್ಯುತ್ತು ಹೋಗಬಾರದ ದಾರಿಯಲ್ಲಿ ಹೋಗುವುದು. ಪೆಡಲನ್ನು ನೆಲದ ಧೂಳಿನಿಂದ ಎತ್ತಿ ಹಲಗೆಯ ಮೇಲಿಡುವುದು, ಟಾರ್ಚಿನ ತಂತಿಯನ್ನು ಬಿಗಿಯಾಗಿ ಸುತ್ತದೆ ದೊಡ್ಡ ಸುರುಳಿಯಾಗಿ ತೂಗುಹಾಕುವುದು, ಒಂದು ಸ್ವಿಚ್ಚನ್ನೂ ಒಂದು ಪೊಟೆನ್ಷಿಯೋಮೀಟರನ್ನೂ ಮೊದಲೇ ತಂದಿಟ್ಟುಕೊಳ್ಳುವುದು, ಇವು ಅಲ್ಪ ವೆಚ್ಚದಲ್ಲಿ ಆಗತಕ್ಕವು. ಯಾವ ದಿನ ಯಾವ ದೋಷ ಕಂಡಿತು, ಏನು ಮಾಡಿದ್ದರಿಂದ ಸರಿಹೋಯಿತು ಎಂಬುದನ್ನು ಬರೆದಿಡುವ ನಲವತ್ತು ಹಾಳೆಯ ಪುಸ್ತಕವೊಂದು ಕಾರ್ಯಾಗಾರದ ಗೋಡೆಗೆ ತೂಗುತ್ತಿದ್ದರೆ, ಮುಂದೆ ಕಸುಬಿಗೆ ಇಳಿಯುವ ಮಗನಿಗೋ ಮಗಳಿಗೋ ಅದೇ ಪಾಠಪುಸ್ತಕವಾಗುವುದು.

ಹತೋಟಿಯೊಂದು ಕೆಟ್ಟಾಗ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದು ಇರುವುದು ನಮ್ಮ ಕೈಗೆ ನೆರವಾಗುವುದಕ್ಕೋ, ನಮ್ಮ ಜೀವವನ್ನು ಕಾಯುವುದಕ್ಕೋ? ಮೊದಲನೆಯದಾದರೆ ಜಾಣತನದಿಂದ ದಾಟಿಹೋಗಬಹುದು. ಎರಡನೆಯದಾದರೆ ದುರಸ್ತಿಯಾಗುವವರೆಗೆ ಯಂತ್ರವನ್ನು ನಿಲ್ಲಿಸತಕ್ಕದ್ದು. ಒಂದು ದಿನದ ಕೂಲಿಯು ಮರುದಿನ ಬಂದೀತು. ಈ ವಿವೇಚನೆಯೊಂದಿದ್ದರೆ ಮನೆಯ ಕೊಟ್ಟಿಗೆಯ ಬೆಸುಗೆಯಂತ್ರವೂ, ನೇಕಾರನ ಮನೆಯ ಮಗ್ಗದಂತೆ, ಸಂಸಾರವನ್ನು ಬಹುಕಾಲ ಸಾಕಿಕೊಂಡು ಬರುವುದರಲ್ಲಿ ಸಂದೇಹವಿಲ್ಲ.